ಡಂಬಳದಿಂದ ಬೆತ್ಲೆಹೇಮಿಗೆ ಹೋದ ಜೋಯಿಸ

ಯೇಸುಸ್ವಾಮಿಯ ತೊಟ್ಟಿಲಿಗೆ ಬಂಗಾರ ಒಯ್ದ ಮೂವರು ಜೋಯಿಸರಲ್ಲಿ ಒಬ್ಬ ನಮ್ಮ ಡಂಬಳದವನು ಎಂದು ಖಂಡಿತವಾಗಿ ನಂಬಿದ್ದ ಮನುಷ್ಯರೊಬ್ಬರ ಜೊತೆ ನಾನು ಹತ್ತೊಂಬತ್ತು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕೂತಿದ್ದೇನೆ. ಗದಗಿನ ಪಕ್ಕದ ಬೆಟಗೇರಿಯ ಹೈಸ್ಕೂಲು. ಅವರು ಭೂಗೋಳ ಕಲಿಸುತ್ತಿದ್ದರು, ನಾನು ಗಣಿತ. ಅವರಿಗೊಂದು ಚಂದದ ಹೆಸರಿತ್ತು, ಆದರೆ ಅದನ್ನು ಹಾಜರಿ ಪುಸ್ತಕ ಬಿಟ್ಟರೆ ಎಲ್ಲೂ ಯಾರೂ ಬಳಸುತ್ತಿರಲಿಲ್ಲ. ಉಳಿದವರೆಲ್ಲ ‘ಸರ್’ ಆಗಿಹೋದ ಕಾಲದಲ್ಲೂ ಅವರೊಬ್ಬರು ಮಾತ್ರ ‘ಮಾಸ್ತರರು’ ಆಗಿಯೇ ಉಳಿದರು.

ಈ ವರ್ಷ ಅವರು ತೀರಿಕೊಂಡರು. ತುಂಬು ವಯಸ್ಸು, ಮಧ್ಯಾಹ್ನದ ಊಟ ಮಾಡಿ ಅಡ್ಡಾದವರು ಏಳಲಿಲ್ಲ. ಹಳೆಯ ವಿದ್ಯಾರ್ಥಿಗಳು ಕೂಡಿ ಅವರ ನೆನಪಿಗೆ ಪುಸ್ತಿಕೆಯೊಂದನ್ನು ತರುತ್ತಿದ್ದಾರೆ. “ಅಕ್ಕೋರ, ಮಾಸ್ತರ್ರ ಗುಣಾ ಬರ್ದು ಎರಡು ಪುಟ ಕೊಡ್ರಿ” ಎಂದು ಕೇಳಿಕೊಂಡು ಬಂದಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತಾರೆ. ಗುಣದ ಪಟ್ಟಿ ಮಾಡುವುದು ನನಗೆ ಬರುವುದಿಲ್ಲ. ಅವರ ಗುಣಗಳಿಗಿಂತ ಅವರ ಹಟಗಳೇ ನನಗೆ ಹೆಚ್ಚು ಗೊತ್ತು. ಬರೆಯಲು ಕೂತರೆ ಎರಡು ಪುಟದಲ್ಲಿ ಮುಗಿಯುವ ಆಸಾಮಿಯೂ ಅಲ್ಲ.

ಮೊದಲು ಆ ಜೋಯಿಸನ ಸಂಗತಿ ಹೇಳಿಬಿಡುತ್ತೇನೆ, ಅದಿಲ್ಲದೆ ಮಾಸ್ತರರು ಅರ್ಥವಾಗುವುದಿಲ್ಲ.

ಸ್ಟಾಫ್ ರೂಮಿನ ಗೋಡೆಗೆ ಹಳೆಯದೊಂದು ಏಷ್ಯಾ ಖಂಡದ ನಕಾಶೆ ತೂಗುಹಾಕಿತ್ತು. ಮಾಸ್ತರರು ಚಹಾ ಕುಡಿದು ಮುಗಿಸಿ ಕೊಡೆ ಕೈಗೆತ್ತಿಕೊಂಡರೆಂದರೆ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು. ಕೊಡೆಯ ತುದಿ ಹೋಗಿ ಬೆತ್ಲೆಹೇಮಿನ ಮೇಲೆ ಕೂಡುವುದು.

“ನೋಡ್ರಿ ಅಕ್ಕೋರ, ಮೂಡಣ ದೇಶದ ಜೋಯಿಸರು ಬಂದ್ರು ಅಂತ ಶಾಸ್ತ್ರದಾಗ ಐತಿ. ಇಲ್ಲಿಂದ ಮೂಡಣ ಅಂದ್ರ ಎತ್ತಾಗ? ಹೀಂಗ ಬರ್ರಿ.” ಕೊಡೆ ಸಮುದ್ರ ದಾಟುವುದು. “ಅವ್ರು ತಂದದ್ದೇನು? ಬಂಗಾರ, ಧೂಪ, ಬೋಳ. ಈ ಮೂರೂ ಒಂದ ಗುಡ್ಡದಾಗ ಸಿಗೂ ಜಾಗಾ ಯಾವುದೈತಿ, ತೋರಸ್ರಿ ನೋಡೂಣು.”

ಕೊಡೆಯ ತುದಿ ಬಂದು ಕಪ್ಪತಗುಡ್ಡದ ಮೇಲೆ ನಿಲ್ಲುವುದು. ಆ ನಕಾಶೆಯಲ್ಲಿ ಕಪ್ಪತಗುಡ್ಡ ಇರಲೇ ಇಲ್ಲ. ಮಾಸ್ತರರೇ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟಿದ್ದರು. ಗುಡ್ಡದಲ್ಲಿ ಬಂಗಾರದ ಅದಿರಿರುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಧೂಪದ ಗಿಡವೂ ಇದೆಯೆಂದು ಬೇರು ನಾರು ತರುವವರು ಹೇಳುತ್ತಾರೆ. ಬೋಳ ಎಂಬ ಆ ಸುವಾಸನೆಯ ಅಂಟು ಎಲ್ಲಿದೆ ಎಂದು ಕೇಳಿದರೆ, “ಹುಡುಕಿದ್ರ ಸಿಗತೈತಿ, ಹುಡುಕವ್ರು ಬೇಕು” ಎನ್ನುವರು.

ಹೀಗಾಗಿ ಬಂಗಾರ ಒಯ್ದವನು ಗುಡ್ಡದ ಬುಡದ ಡಂಬಳದವನು. ಅವನು ಅಂಕೋಲೆಗೆ ನಡೆದು ಹಡಗು ಹತ್ತಿದ. ಕೂಸಿಗೆ ಕೈಮುಗಿದ ಮೇಲೆ, ಅಲ್ಲಿನ ದುಷ್ಟ ಅರಸನಿಗೆ ಸಿಗಬಾರದೆಂದು ಜೋಯಿಸರು ಬೇರೆ ದಾರಿಯಿಂದ ಊರಿಗೆ ಮರಳಿದರೆಂದು ಶಾಸ್ತ್ರ ಹೇಳುತ್ತದೆ. ಆ ಬೇರೆ ದಾರಿ ಯಾವುದು ಎಂದು ಜಗತ್ತಿನ ಪಂಡಿತರೆಲ್ಲ ತಲೆ ಕೆರೆದುಕೊಳ್ಳುತ್ತಿರುವಾಗ ನಮ್ಮ ಮಾಸ್ತರರಿಗೆ ಮಾತ್ರ ಅದು ಅಂಗೈ ಮೇಲಿನ ನೆಲ್ಲಿಕಾಯಿ: ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಅಲ್ಲಿಂದ ಡಂಬಳ.

ಕಥೆ ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಯೇಸುವಿನ ಶಿಷ್ಯ ತೋಮನು ಪಡುವಣ ಕರಾವಳಿಯಲ್ಲಿ ಇಳಿದು ಮೂಡಣ ಕರಾವಳಿಯವರೆಗೆ ನಡೆದನೆಂಬ ಐತಿಹ್ಯ ಇದೆಯಷ್ಟೆ? ನಡುವೆ ಅವನು ನಮ್ಮ ಕಡೆ ಹಾದುಹೋದದ್ದು ಯಾಕೆ? ಹಣ್ಣುಮುದುಕನಾಗಿದ್ದ ಜೋಯಿಸನನ್ನು ಮಾತನಾಡಿಸಲು. “ಗುರುವಿನ ತೊಟ್ಟಲಾ ನೋಡಿದವ ಇನ್ನೂ ಜೀವಂತ ಅದಾನ ಅಂದ್ರ ಯಾರ್ ಬಿಡತಾರ್ರಿ? ಅದ್ರಾಗ ತೋಮ ಅಂದ್ರ ಅನುಮಾನದ ಮನಷ್ಯಾ. ಮುಟ್ಟಿ ನೋಡದ ನಂಬವ ಅಲ್ಲ.” ಆ ಜೋಯಿಸನ ಸಂತಾನ ಮುಂದೆ ವಲಸೆ ಹೋಗುತ್ತ ಹೋಗುತ್ತ ಬೆಟಗೇರಿಗೆ ಬಂದು ನೆಲೆಸಿತು, ಅದೇ ತಮ್ಮ ಮನೆತನ ಎಂಬಲ್ಲಿಗೆ ಕೊಡೆ ಕೆಳಗಿಳಿಯುತ್ತಿತ್ತು. ಅಷ್ಟರಲ್ಲಿ ಬೆಲ್ಲು ಹೊಡೆಯುತ್ತಿತ್ತು.

ನಾನು ಗಣಿತದವಳು. ಸಾಕ್ಷಿ ಕೇಳುವುದು ನನ್ನ ಚಟ. “ಎಷ್ಟು ದಿನಾ ನಡದ್ರೀ? ದಿನಕ್ಕ ಎಷ್ಟು ಹರದಾರಿ? ಬಂಗಾರದ ಗಂಟು ಹೊತ್ತವ್ನ ಹಾದೀಲೆ ಯಾರೂ ಕಸಗೊಳ್ಳಲಿಲ್ಲೇನ್ರಿ?” ಎಂದು ಗಂಟುಬೀಳುತ್ತಿದ್ದೆ. ಅವರು ಸಿಟ್ಟಾಗುತ್ತಿರಲಿಲ್ಲ. ನನಗೆ ತೋಮಕ್ಕ ಎಂದು ಹೆಸರಿಟ್ಟು ಸ್ಟಾಫ್ ರೂಮಿಗೆಲ್ಲ ಹಂಚಿಬಿಟ್ಟರು.

ಬಸ್ಸಿನಲ್ಲಿ ಪಕ್ಕದಲ್ಲಿ ಯಾರೇ ಕೂರಲಿ, ಟಿಕೀಟು ತೆಗೆಸುವುದರೊಳಗೆ ಅವರ ಮೂಲ ಊರು ಕೇಳುತ್ತಿದ್ದರು. ಇರುವ ಊರಲ್ಲ, ಮೂಲ ಊರು. ಯಾರಾದರೂ “ನಾವು ಮೊದ್ಲಿಂದ್ಲೂ ಇಲ್ಲಿಯವ್ರ್ರೀ” ಎಂದರೆ ಅವರಿಗೆ ನಂಬಿಕೆಯೇ ಬರುತ್ತಿರಲಿಲ್ಲ. “ಗಿಡಕ್ಕ ಬೇರ ಅದಾವು, ಮನಷ್ಯಾಗ ಕಾಲ ಅದಾವು. ಮೊದ್ಲಿಂದ್ಲೂ ಇಲ್ಲೇ ಅದೀನಿ ಅನ್ನವ ಗಿಡಾ ಇರಬೇಕು, ಇಲ್ಲಾ ಮರ್ತಿರಬೇಕು” ಎನ್ನುವರು. ಇದು ಅವರು ಎಂಟನೆಯ ತರಗತಿಗೆ ವರ್ಷದ ಮೊದಲ ದಿನ ಹೇಳುವ ಪಾಠವೂ ಆಗಿತ್ತು.

ಕ್ರಿಸ್‌ಮಸ್ಸಿಗೆ ನಾವೆಲ್ಲ ಅವರ ಮನೆಗೆ ಹೋಗಲೇಬೇಕು. ಅವರ ಹೆಂಡತಿ ಮಾಡುವ ಕರ್ಚಿಕಾಯಿ ಬಾಯಿಗಿಟ್ಟರೆ ಕರಗುತ್ತಿತ್ತು; ಮಾಸ್ತರರ ಸಿದ್ಧಾಂತ ನುಂಗಿಸಲು ಆ ತಾಯಿ ಅಷ್ಟು ಮೆತ್ತಗೆ ಮಾಡುತ್ತಾರೆಂದು ನಾವು ನಗಾಡುತ್ತಿದ್ದೆವು. ಮೂಲೆಯಲ್ಲಿ ಮಣ್ಣಿನ ಗೊಂಬೆಗಳ ಗೋದಲಿ, ಅಂದರೆ ಯೇಸು ಹುಟ್ಟಿದ ದನದ ಕೊಟ್ಟಿಗೆ, ಕಟ್ಟುತ್ತಿದ್ದರು. ಮೂವರು ಜೋಯಿಸರಲ್ಲಿ ಇಬ್ಬರಿಗೆ ಕಿರೀಟ, ಮೂರನೆಯವನಿಗೆ ಧೋತರ, ಕೆಂಪು ಪಟಕಾ. ಪಕ್ಕದಲ್ಲಿ ಒಂಟೆಯ ಬದಲು ಎತ್ತು. ಒಂದು ವರ್ಷ ಹೊಸದಾಗಿ ಬಂದ ಪಾದ್ರಿಗಳು ಬಗ್ಗಿ ನೋಡಿ ಗಾಬರಿಯಾದರು.

“ಮಾಸ್ತರ್ರ, ಜೋಯಿಸಗ ಪಟಕಾ ಯಾಕ್ರಿ?”

“ಮತ್ತೇನ್ರಿ, ಡಂಬಳದ ಬಿಸಲಾಗ ಬರೀ ತಲೀಲೆ ಹೊಂಟಿದ್ರ ಬೆತ್ಲೆಹೇಮ ಮುಟ್ಟತಿದ್ನೇನು? ಗದಗ ದಾಟೂದ್ರಾಗ ಬೀಳತಿದ್ದ.”

ಪಾದ್ರಿಗಳ ತಟ್ಟೆಗೆ ಇನ್ನೆರಡು ಕರ್ಚಿಕಾಯಿ ಬಿದ್ದವು.

ಒಂಬತ್ತನೆಯವರ ಪರೀಕ್ಷೆಯಲ್ಲಿ ಒಮ್ಮೆ ಕಪ್ಪತಗುಡ್ಡದಲ್ಲಿ ಸಿಗುವ ಖನಿಜ ಯಾವುದು ಎಂಬ ಪ್ರಶ್ನೆ ಬಂತು. ಹುಡುಗಿಯೊಬ್ಬಳು “ಬಂಗಾರ. ಅದನ್ನು ಡಂಬಳದವರು ಯೇಸುಸ್ವಾಮಿಗೆ ಆಹೇರಿ ಮಾಡಿದರು” ಎಂದು ಬರೆದಳು. ಪೇಪರು ಹೆಡ್ ಮಾಸ್ತರರ ಕೈಗೆ ಹೋಯಿತು, ಅವರು ಮಾಸ್ತರರನ್ನು ಕರೆಸಿದರು. ನಾನೂ ಅಲ್ಲೇ ಇದ್ದೆ. ಮಾಸ್ತರರು ಕನ್ನಡಕ ಏರಿಸಿ, “ಮೊದಲನೇ ವಾಕ್ಯಕ್ಕ ಪೂರಾ ಮಾರ್ಕ್ಸ ಕೊಟ್ಟೀನ್ರಿ. ಎರಡನೇದಕ್ಕ ಕೊಟ್ಟಿಲ್ಲ. ಅದಕ್ಕಿನ್ನೂ ಪುರಾವೆ ಸಿಕ್ಕಿಲ್ಲ” ಎಂದರು. ಹೆಡ್ ಮಾಸ್ತರರು ಬಯ್ಯಲು ತೆರೆದ ಬಾಯಿಯಲ್ಲೇ ನಕ್ಕುಬಿಟ್ಟರು.

ಪುರಾವೆ ಹುಡುಕಲು ನಾವೊಂದು ರವಿವಾರ ಹೊರಟದ್ದೂ ಉಂಟು. ಮಾಸ್ತರರು, ಅವರ ಹೆಂಡತಿ, ಜೊತೆಗೆ ಸಾಕ್ಷಿಗೆಂದು ತೋಮಕ್ಕ. ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಜೋಯಿಸ ಮರಳಿದ ದಾರಿಯಲ್ಲಿ ಕೆಂಪು ಬಸ್ಸಿನಲ್ಲಿ ಪಯಣ. ಲಕ್ಷ್ಮೇಶ್ವರದಲ್ಲಿ ಹಳೆಯ ಗುಡಿಯ ಹೊರಗೆ ಬೇವಿನ ಗಿಡದ ಕೆಳಗೆ ಮುದುಕರೊಬ್ಬರು ಕೂತಿದ್ದರು. ಮಾಸ್ತರರು ಅವರ ಪಕ್ಕ ಹೋಗಿ ಕೂತರು.

“ಯಜಮಾನ್ರ, ಈ ಊರಿಗೆ ಹಿಂದಕ ಹೊರಗಿನವ್ರು ಯಾರರೆ ಬಂದಿದ್ರೇನ್ರಿ?”

“ಬಂದಿದ್ರಲ್ಲ.”

ಮಾಸ್ತರರ ಕಿವಿ ನಿಮಿರಿತು. “ಯಾರು ಬಂದಿದ್ರೀ?”

“ಎಲ್ಲಾರೂ,” ಎಂದು ಮುದುಕರು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. “ನಮ್ಮಪ್ಪನೂ ಬಂದಾನ. ನೀವೂ ಈಗ ಬಂದೀರಿ.”

ಶಿರಹಟ್ಟಿಯಲ್ಲಿ ಚಹಾ ಕುಡಿಯುವಾಗಲೂ, ಮುಂಡರಗಿಯಲ್ಲಿ ಬಸ್ಸು ಕಾಯುವಾಗಲೂ ಮಾಸ್ತರರು ಆ ಮಾತು ನೆನೆನೆನೆದು ತೊಡೆ ತಟ್ಟಿಕೊಂಡು ನಕ್ಕರು. ಡಂಬಳದ ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ ಮೂರು ಗಂಟೆ. ಪುರಾವೆ ಏನೂ ಸಿಗಲಿಲ್ಲ. ನಾನು ಜೀವನದಲ್ಲಿ ಅಷ್ಟು ರುಚಿಯಾದ ಊಟ ಮತ್ತೆ ಮಾಡಿಲ್ಲ.

ಅಷ್ಟು ವರ್ಷ ನಾನು ಇದನ್ನೆಲ್ಲ ಒಳ್ಳೆಯ ತಮಾಷೆ ಎಂದೇ ತಿಳಿದಿದ್ದೆ. ಅದು ತಮಾಷೆಯಷ್ಟೇ ಅಲ್ಲವೆಂದು ತಿಳಿದದ್ದು ಅವರು ನಿವೃತ್ತರಾಗುವ ಹಿಂದಿನ ವರ್ಷ.

ಸುಗ್ಗಿ ಮುಗಿದ ದಿನಗಳು. ನಮ್ಮ ಇತಿಹಾಸದ ಸರ್ ಅವರ ಮನೆಗೆ ಹೆಳವರು ಬಂದು ಹೋಗಿದ್ದರು. ಓದುವವರಲ್ಲಿ ಗೊತ್ತಿಲ್ಲದವರು ಇದ್ದರೆ ಹೇಳುತ್ತೇನೆ: ಹೆಳವರೆಂದರೆ ಮನೆತನಗಳ ವಂಶಾವಳಿ ಹೇಳುವವರು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು, ಈಗ ಮೋಟಾರ್ ಸೈಕಲ್ಲಿನ ಮೇಲೆ. ಕೆಲವು ವರ್ಷಕ್ಕೊಮ್ಮೆ ಮನೆಯ ಮುಂದೆ ಬಂದು ನಿಂತು, ನಿಮ್ಮ ಮೂಲಪುರುಷ ಯಾರು, ಯಾವ ಊರಿನಿಂದ ಎದ್ದ, ಯಾವ ಊರಿಗೆ ಬಂದ, ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು ಎಂದು ರಾಗವಾಗಿ ಒಪ್ಪಿಸುತ್ತಾರೆ. ಮನೆಯವರು ಮೊರದ ತುಂಬ ಜೋಳ ನೀಡಿ, ಬಟ್ಟೆ ಕೊಟ್ಟು, ಹೊಸದಾಗಿ ಹುಟ್ಟಿದವರ ಹೆಸರು ಬರೆಸುತ್ತಾರೆ. ಹೆಳವನ ಬಾಯಲ್ಲಿ ಇದ್ದೀರಿ ಎಂದರೆ ಊರಿನಲ್ಲಿ ಇದ್ದೀರಿ ಎಂದೇ ಲೆಕ್ಕ.

ಇತಿಹಾಸದ ಸರ್ ತಮ್ಮ ಹದಿಮೂರು ತಲೆಮಾರು ಎಣಿಸಿ ಮುಗಿಸಿ, ಮಾಸ್ತರರ ಕಡೆ ತಿರುಗಿ, “ನಿಮ್ದೇನ ಬಿಡ್ರಿ ಮಾಸ್ತರ, ನಿನ್ನಿ ಮೊನ್ನಿ ಬಂದವ್ರು. ಮಿಶನ್ ಪಾದ್ರಿ ರಜಿಸ್ಟರ್ ತಗದ್ರ ಮುಗೀತು” ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಮಾಸ್ತರರೂ ಎಲ್ಲರೊಂದಿಗೆ ನಕ್ಕರು. ಆದರೆ ಆ ದಿನ ಊಟದ ಡಬ್ಬಿ ಬಿಚ್ಚಿದವರು ಹಾಗೆಯೇ ಮುಚ್ಚಿದರು.

ಸಂಜೆ ಗೇಟಿನ ತನಕ ಜೊತೆಗೆ ನಡೆಯುವಾಗ ನಾನು ಕೇಳಿದೆ. ಅವರು ಹೇಳಿದ್ದು ಇಷ್ಟು. ಅವರ ಮುತ್ತಜ್ಜ ದೊಡ್ಡ ಬರದ ಕಾಲದಲ್ಲಿ ಊರು ಬಿಟ್ಟು ಬೆಟಗೇರಿಗೆ ಬಂದು, ಮಿಶನ್ನಿನ ನೇಯ್ಗೆಯ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿ, ಅವರ ಧರ್ಮಕ್ಕೂ ಸೇರಿದ. ಮಾಸ್ತರರು ಸಣ್ಣವರಿದ್ದಾಗ ಹೆಳವ ಅವರ ಓಣಿಯಲ್ಲಿ ಹಾದು ಮುಂದಿನ ಓಣಿಯ ಮನೆಗಳಿಗೆ ಹೋಗುತ್ತಿದ್ದ. ಅವರ ಅಜ್ಜಿ ಪ್ರತಿ ಸಲ ಮೊರದಲ್ಲಿ ಜೋಳ ತುಂಬಿಕೊಂಡು ಹೊಸ್ತಿಲಲ್ಲಿ ನಿಲ್ಲುವಳು. ಹೆಳವ ನಿಲ್ಲುತ್ತಿರಲಿಲ್ಲ. ಅವನ ಎತ್ತಿನ ಗಂಟೆಯ ಸದ್ದು ತಿರುವಿನಲ್ಲಿ ಮುಗಿಯುವ ತನಕ ನಿಂತು, ಆಮೇಲೆ ಜೋಳವನ್ನು ಮತ್ತೆ ಗಡಿಗೆಗೆ ಸುರಿಯುವಳು.

“ನಮ್ಮ ಆಯಿ ಸಾಯೂತನಾ ನಿಂತ್ಲ್ರಿ ಅಕ್ಕೋರ,” ಎಂದರು ಮಾಸ್ತರರು. “ನಮ್ಮ ಮನೀ ಮುಂದ ನಿಂತು ಒಮ್ಮೆ ಓದಲಿ ಅಂತ ನನಗೂ ಆಶಾ ಐತಿ. ಅವ ಓದಂಗಿಲ್ಲ. ಅದಕ್ಕ ನಾ ಓದ್ಕೊಂಡೆ. ನಮ್ಮದು ನಾವ ಓದ್ಕೋಬೇಕಾದ್ರ ಸಣ್ಣದ್ಯಾಕ ಓದ್ಕೋಬೇಕು, ಬೆತ್ಲೆಹೇಮಿಂದನ ಓದ್ಕೋಳೂಣು ಅಂತ.”

ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. ನಾನು ಸೊರಟೂರಿನಲ್ಲಿ ಹುಟ್ಟಿ ಬೆಳೆದವಳು. ಹೆಳವ ನಮ್ಮ ಮನೆಯ ಮುಂದೆ ನಿಂತಾಗೆಲ್ಲ ನಾವು ಮಕ್ಕಳು ಸಾಲಾಗಿ ಕೂತು ಕೇಳಿದ್ದೇವೆ. ಅವನು ಯಾವ ಮನೆಯ ಮುಂದೆ ನಿಲ್ಲುವುದಿಲ್ಲ ಎಂದು ಒಂದು ದಿನವೂ ನೋಡಿರಲಿಲ್ಲ. ಅಂದು ನನಗೆ ನನ್ನ ಬಗ್ಗೆಯೇ ನಾಚಿಕೆಯಾಯಿತು.

ಮುತ್ತಜ್ಜ ಬಿಟ್ಟುಬಂದ ಊರು ಯಾವುದೆಂದು ಕೇಳಿದ್ದಕ್ಕೆ ಮಾಸ್ತರರು “ಸೊರಟೂರು ಅಂತಿದ್ರು, ಯಾರಿಗೆ ಗೊತ್ತು” ಎಂದಿದ್ದರು. ಹದಿನೈದು ದಿನದೊಳಗೆ ಹೆಳವ ಸೊರಟೂರಿಗೆ ಬಂದಿರುವುದಾಗಿ ನನ್ನ ಅಣ್ಣನ ಫೋನು ಬಂತು. ನಾನು ರಜೆ ಹಾಕಿ ಓಡಿದೆ. ನಮ್ಮ ಮನೆಯ ಓದು ಮುಗಿದು, ಹೆಳವ ಕಟ್ಟೆಯ ಮೇಲೆ ರೊಟ್ಟಿ ತಿನ್ನಲು ಕೂತಾಗ ಮಾಸ್ತರರ ಮುತ್ತಜ್ಜನ ಸಂಗತಿ ತೆಗೆದೆ. ನಲವತ್ತರ ಆಸುಪಾಸಿನ ಗಟ್ಟಿ ಮನುಷ್ಯ. ರೊಟ್ಟಿ ಮುರಿಯುವ ಕೈ ನಿಂತಿತು.

“ಬರದಾಗ ಬೆಟಗೇರಿಗೆ ಹೋದ ಮನಿತನಾ ಏನ್ರಿ? ಐತಲ್ಲ. ನಮ್ಮ ಪುಸ್ತಕದಾಗ ಐತಿ. ನಮ್ಮಪ್ಪನ ಬಾಯಾಗೂ ಇತ್ತು.”

“ಮತ್ತ ಅವ್ರ ಮನಿಗೆ ಯಾಕ ಹೋಗಂಗಿಲ್ಲ?” ನನ್ನ ದನಿ ಸ್ವಲ್ಪ ಏರಿತ್ತು.

“ನಾವೆಲ್ಲಿ ಬಿಟ್ಟೀವಿ ಅಕ್ಕಾರ? ಅವ್ರ ಮುತ್ಯಾ ಧರ್ಮಕ್ಕ ಸೇರಿದ ವರ್ಷ ನಮ್ಮ ಮುತ್ಯಾ ಹೋಗಿದ್ದ. ಪಾದ್ರಿ ಏನ ಅಂತಾನೋ ಅಂತ ಹೆದರಿ ಅವ್ರ ಮುತ್ಯಾ ಬಾಗಲಾ ಹಾಕ್ಕೊಂಡ. ಹಾಕ್ಕೊಂಡ ಬಾಗಲಾ ಹೆಳವ ಬಡಿಯೂದಿಲ್ಲ. ಅದು ನಮ್ಮ ನೇಮ. ಮನೀಯವ್ರು ಹಾದಿಗೆ ಇಳದು, ತಂಬಿಗಿ ನೀರ ಕೊಟ್ಟು, ಬಾ ಅಂದ್ರ ಆತು, ಮತ್ತ ಬರ್ತೀವಿ. ಅವ್ರು ಕರೀಲಿಲ್ಲ, ನಾವು ಹೋಗಲಿಲ್ಲ.”

“ಅವ್ರ ಆಯಿ ಮೊರಾ ಹಿಡ್ಕೊಂಡು ನಿಲ್ಲತಿದ್ಲಂತ.”

“ಹೌದ್ರಿ, ನಮ್ಮಪ್ಪ ಹೇಳ್ತಿದ್ದ. ಆ ತಾಯಿ ಹೊಸ್ತಲದಾಗ ನಿಂತಿರತಿದ್ಲು, ನಾನೂ ಎತ್ತ ನಿಧಾನ ಮಾಡತಿದ್ದೆ, ಒಂದ ಹೆಜ್ಜಿ ಕೆಳಗ ಇಳೀವಲ್ಲಳು ಅಂತ.”

ಅವಳು ಅವನು ಬಾಗಿಲಿಗೆ ಬರಲಿ ಎಂದು ಕಾದಳು. ಅವನು ಅವಳು ಹಾದಿಗೆ ಇಳಿಯಲಿ ಎಂದು ಕಾದ. ಇಬ್ಬರೂ ತಮ್ಮ ತಮ್ಮ ಮರ್ಯಾದೆ ಕಾಯುತ್ತ ಮುದುಕರಾಗಿ ಸತ್ತರು. ನಮ್ಮ ಕಡೆಯವರು ಮಾತ್ರ ಮಾಡಬಲ್ಲ ತಪ್ಪು ಇದು.

ಮರುದಿನ ಸ್ಟಾಫ್ ರೂಮಿನಲ್ಲಿ ಮಾಸ್ತರರನ್ನು ಒಂದು ಕಡೆ ಕೂಡಿಸಿ ಇದನ್ನೆಲ್ಲ ಹೇಳಿದೆ. ಮೊದಲಿಗೆ ಅವರಿಗೆ ಅರ್ಥವೇ ಆಗಲಿಲ್ಲ. ಆಮೇಲೆ ಮೆಲ್ಲಗೆ, “ಒಂದ ಹೆಜ್ಜೇನ್ರಿ ಅಕ್ಕೋರ?” ಎಂದರು. ಎರಡನೆಯ ಪೀರಿಯಡ್ಡಿಗೆ ಹೋಗಿ ಹಲಗೆಯ ಮೇಲೆ ಭಾರತದ ನಕಾಶೆ ಬರೆದು, ಪೀರಿಯಡ್ಡು ಮುಗಿಯುವ ತನಕ ಕಿಟಕಿಯ ಹತ್ತಿರ ನಿಂತಿದ್ದರಂತೆ. ಹುಡುಗರು ತಮಗೆ ಗೊತ್ತಿದ್ದ ಊರುಗಳನ್ನೆಲ್ಲ ತಾವೇ ಗುರುತು ಹಾಕಿದರಂತೆ.

ಹೆಳವ ಬೆಟಗೇರಿಗೆ ಬರುವ ದಿನ ಗೊತ್ತುಮಾಡಿ ನನಗೆ ಫೋನು ಮಾಡಿದ. ಶನಿವಾರ, ಮುಂಜಾನೆ ಶಾಲೆ ಬಿಟ್ಟ ಮೇಲೆ. ಮಾಸ್ತರರ ಹೆಂಡತಿ ಅಂಗಳಕ್ಕೆ ನೀರು ಹೊಡೆದು ಜಮಖಾನೆ ಹಾಸಿದ್ದರು. ಮಾಸ್ತರರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮಗ ಸೊಸೆಯನ್ನು ಹುಬ್ಬಳ್ಳಿಯಿಂದ ಕರೆಸಿಕೊಂಡು, ಶಾಲೆಯಿಂದ ಬಂದಾಗಿನಿಂದ ಹನ್ನೊಂದು ಸಲ ಗಡಿಯಾರ ನೋಡಿದ್ದರಂತೆ. ಎಣಿಸಿದವರು ಅವರ ಹೆಂಡತಿ.

ಮೋಟಾರ್ ಸೈಕಲ್ಲಿನ ಸದ್ದು ಓಣಿಯ ತುದಿಯಲ್ಲಿ ಕೇಳಿತು. ಮಾಸ್ತರರ ಮನೆಗೆ ಮೂರು ಮೆಟ್ಟಿಲು. ತಂಬಿಗೆ ಹಿಡಿದು ಅವರು ಹೊಸ್ತಿಲಿಗೆ ಬಂದು ನಿಂತರು. ಹೆಳವ ಗಾಡಿ ನಿಧಾನ ಮಾಡಿದ, ನಿಲ್ಲಿಸಲಿಲ್ಲ. ನೇಮ ನೇಮವೇ. ಈ ಮನುಷ್ಯ ಅಜ್ಜಿಯ ಹಾಗೆ ಹೊಸ್ತಿಲಲ್ಲೇ ನಿಂತುಬಿಡುತ್ತಾರೋ ಏನೋ ಎಂದು ನನಗೆ ಅನ್ನಿಸಿತು. ಮಾಸ್ತರರು ಮೂರೂ ಮೆಟ್ಟಿಲನ್ನು ಒಂದೇ ಸಲಕ್ಕೆ ಹಾರಿದರು. ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು.

“ಬಾ ಯಪ್ಪಾ, ಬಾ! ನಮ್ಮ ಮನಿಗೆ ಬಾ!”

ಹೆಳವ ಗಾಡಿ ನಿಲ್ಲಿಸಿ, ಉಳಿದ ನೀರು ಕುಡಿದು, ಚಪ್ಪಲಿ ಕಳಚಿ ಜಮಖಾನೆಯ ಮೇಲೆ ನಿಂತ. ರೆಗ್ಜಿನ್ ಚೀಲದಿಂದ ಉದ್ದನೆಯ ಪುಸ್ತಕ ತೆಗೆದು ಹಣೆಗೆ ಒತ್ತಿಕೊಂಡ. ಸೀದಾ ರಾಗ ಎತ್ತಿದ.

ಮೂಲಪುರುಷ ತುಂಗಭದ್ರೆಯ ಆಚೆಯವನು. ಒಂದು ಎಮ್ಮೆ, ಇಬ್ಬರು ಹೆಂಡಿರು, ಮೂವರು ಮಕ್ಕಳೊಂದಿಗೆ ಹರಗೋಲಿನಲ್ಲಿ ಹೊಳೆ ದಾಟಿ ಮುಂಡರಗಿಗೆ ಬಂದ. ಅಲ್ಲಿಂದ ಎದ್ದು ಡಂಬಳಕ್ಕೆ ಬಂದ.

“ಡಂಬಳ!” ಮಾಸ್ತರರು ಎದ್ದೇ ನಿಂತರು. “ಕೇಳಿದ್ರೇನ್ರಿ ತೋಮಕ್ಕ? ಡಂಬಳ! ಅಲ್ಲೆಷ್ಟ ತಲಿಮಾರ ಇದ್ರಪಾ?”

ಹೆಳವ ಪುಸ್ತಕ ನೋಡಿದ. “ತಲಿಮಾರ ಎಲ್ಲೀದ್ರಿ, ಒಂದ ಬ್ಯಾಸಗಿ ಇದ್ರು. ಇವ್ರ ಎಮ್ಮಿ ಊರ ಗೌಡ್ರ ಜ್ವಾಳಾ ಮೇಯ್ತು. ಗೌಡ್ರು ಊರ ಬಿಡಿಸಿದ್ರು.”

ಎರಡು ಸಾವಿರ ವರ್ಷದ ಜೋಯಿಸ, ಬಂಗಾರದ ಗಂಟು, ತೋಮನ ಭೇಟಿ, ಎಲ್ಲವನ್ನೂ ಆ ಎಮ್ಮೆ ಒಂದೇ ಬೇಸಿಗೆಯಲ್ಲಿ ಮೇದು ಮುಗಿಸಿತ್ತು. ನಾನು ಮಾಸ್ತರರ ಮುಖ ನೋಡಲು ಹೆದರಿದೆ. ಅವರು ನಗುತ್ತಿದ್ದರು. ಮೊದಲು ಭುಜ ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಇಡೀ ಮನುಷ್ಯ. “ಎಮ್ಮೀ! ಏನ ಎಮ್ಮೀಪಾ ಅದು! ಬರಕೋ, ಚಂದಾಗಿ ಬರಕೋ, ನಮ್ಮ ಎಮ್ಮೀನ ಬಿಡಬ್ಯಾಡ!” ಅವರ ಹೆಂಡತಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ನನಗೂ ತಡೆಯಲಾಗಲಿಲ್ಲ.

ಓದು ಸೊರಟೂರಿಗೆ ಬಂತು. ಅಲ್ಲಿಂದ ಬರದ ವರ್ಷ ಬೆಟಗೇರಿಗೆ. ಮುತ್ತಜ್ಜನ ಹಳೆಯ ಹೆಸರನ್ನು ಹೆಳವ ‘ಅವರು’ ಎಂದು ಗೌರವದಿಂದಲೇ ಹಾಡಿದ, ಬಾಗಿಲು ಹಾಕಿಕೊಂಡ ಸಂಗತಿ ಎತ್ತಲಿಲ್ಲ. ಅಲ್ಲಿಂದ ಮುಂದೆ ಪುಸ್ತಕ ಖಾಲಿ. ಮಾಸ್ತರರು ಹೇಳುತ್ತ ಹೋದರು, ಹೆಳವ ಬರೆಯುತ್ತ ಹೋದ. ಶಾಸ್ತ್ರದ ಹೆಸರುಗಳನ್ನು ಎರಡೆರಡು ಸಲ ಕೇಳಿ ಬರೆದುಕೊಂಡು, ಅದೇ ರಾಗಕ್ಕೆ ಕೂಡಿಸಿದ. ‘ಅವರ ಹೊಟ್ಟೀಲೆ ದಾವೀದಪ್ಪ, ದಾವೀದಪ್ಪನ ಹೊಟ್ಟೀಲೆ ಯೋನಪ್ಪ’ ಎಂದು ಕೇಳಿದಾಗ, ಆ ಹೆಸರುಗಳು ಮೊದಲಿನಿಂದಲೂ ನಮ್ಮ ಜೋಳದ ಹೊಲದಲ್ಲೇ ಬೆಳೆದವು ಅನ್ನಿಸಿತು.

“ನಮ್ಮ ಆಯೀದೂ ಬರಿ,” ಎಂದರು ಮಾಸ್ತರರು.

“ಹೆಣ್ಮಕ್ಕಳ ಹೆಸರ ಬರಿಯೂ ಪದ್ಧತಿ ಇಲ್ರಿ ಮಾಸ್ತರ.”

“ಬರೀಬ್ಯಾಡ ಹಂಗಾರ. ಬಾಯಿಲೆ ಒಮ್ಮೆ ಅನ್ನು.”

ಹೆಳವ ಅಜ್ಜಿಯ ಹೆಸರು ಕೇಳಿಕೊಂಡ. ಆಮೇಲೆ ಆ ಹೆಸರನ್ನು ಮನೆಯ ಬಾಗಿಲಿನ ಕಡೆ ತಿರುಗಿ ದೊಡ್ಡ ದನಿಯಲ್ಲಿ ಅಂದ. ಮಾಸ್ತರರ ಸೊಸೆ ಮೊರ ತಂದು ಅವನ ಚೀಲಕ್ಕೆ ಜೋಳ ಸುರಿದಳು.

ಚೀಲ ಕಟ್ಟುವಾಗ ನಾನು ಸುಮ್ಮನಿರಲಾರದೆ, “ಮತ್ತ ನಿಮ್ಮ ಜೋಯಿಸ ಎಲ್ಲಿ ಹೋದ್ರಿ ಮಾಸ್ತರ?” ಎಂದು ಕಾಲೆಳೆದೆ.

“ಅವ ಬ್ಯಾರೆ ಮನಿತನದವ್ರಿ ಅಕ್ಕೋರ,” ಎಂದರು ಅವರು ಆರಾಮಾಗಿ. “ಡಂಬಳದಾವ ಅನ್ನೂದು ಖರೆ. ಆದ್ರ ನಮ್ಮಾವ ಅಲ್ಲ.”

ಇಷ್ಟು ಹೊತ್ತು ಓಣಿಯ ಬಾಗಿಲು ಬಾಗಿಲಲ್ಲಿ ಜನ ನಿಂತಿದ್ದರು. ಎಲ್ಲ ಮಾಸ್ತರರ ಚರ್ಚಿನವರೇ, ಬರದ ಕಾಲದಲ್ಲಿ ಒಂದೊಂದು ಊರಿನಿಂದ ಎದ್ದು ಬಂದವರ ಮಕ್ಕಳು ಮೊಮ್ಮಕ್ಕಳು. ಎದುರು ಮನೆಯಿಂದ ಮುದುಕಿಯೊಬ್ಬಳು ಮೆಟ್ಟಿಲಿಳಿದು ಬಂದಳು. ಚರ್ಚಿನಲ್ಲಿ ಮುಂದಿನ ಬೆಂಚು ಬಿಟ್ಟುಕೊಡದ, ಮಾಸ್ತರರ ಸಿದ್ಧಾಂತಗಳನ್ನು ಜೀವಮಾನವಿಡೀ ಆಡಿಕೊಂಡ ಗಟ್ಟಿ ಹೆಂಗಸು. ಕೈಯಲ್ಲಿ ನೀರು ತುಂಬಿದ ಸ್ಟೀಲಿನ ತಂಬಿಗೆ ಇತ್ತು.

“ನಮ್ಮ ಮಾವನವ್ರು ಹೊಂಬಳದಿಂದ ಬಂದವ್ರಂತ,” ಎಂದಳು. “ನಾವೂ ಅದೀವೇನಪಾ ನಿನ್ನ ಹಂತ್ಯಾಕ, ಆ ಪುಸ್ತಕದಾಗ?”

ಹೆಳವ ನೀರು ಕುಡಿದು, ಇನ್ನೊಂದು ಪುಸ್ತಕ ತೆಗೆದು, ಮಾವನವರ ಹಳೆಯ ಹೆಸರು ಕೇಳಿದ. ಸೊಸೆಯಾದವಳು ಮಾವನ ಹೆಸರು ಬಾಯಿಬಿಟ್ಟು ಹೇಳುವುದು ಹೇಗೆ? ಅವಳು ಸೆರಗು ಸರಿಮಾಡಿಕೊಂಡು, ಬಗ್ಗಿ, ಅವನ ಕಿವಿಯಲ್ಲಿ ಹೇಳಿದಳು. ಅವನು ಬೆರಳು ಎಂಜಲು ಮಾಡಿ ಹಾಳೆ ತಿರುವಿದ. ಒಂದು, ಎರಡು, ಹತ್ತು. ಹಾಳೆ ಸರಿಯುವ ಸದ್ದು ನನಗೆ ಕೇಳುತ್ತಿತ್ತು.

“ಅದೀರಿ ತಾಯಿ,” ಎಂದ ಹೆಳವ. “ಕುಂಡ್ರಿ, ಓದ್ತೀನಿ.”

ತಮ್ಮ ವಂಶ ಓದುವಾಗ ನಗುತ್ತಲೇ ಇದ್ದ ಮಾಸ್ತರರು ಆಗ ಅತ್ತರು. ಒಳಗೆ ಹೋಗಿ ಕುರ್ಚಿ ತಂದು ಓಣಿಯ ನಡುವೆ ಆ ಮುದುಕಿಗೆ ಹಾಕಿ, ಕಣ್ಣು ಒರೆಸಿಕೊಳ್ಳದೆಯೇ ಹೆಳವನಿಗೆ, “ಜೋರಾಗಿ ಓದಪಾ, ಓಣಿಗೆಲ್ಲಾ ಕೇಳಬೇಕು” ಎಂದರು.